ಆಮದಾರರ ಒಂದು ತಿಂಗಳ ಪಗಾರ, ಕೂಲಿಕಾರರ 837 ದಿನದ ದುಡಿಮೆ

ತಮ್ಮದನ್ನು ತಾವೇ ಬರೆದುಕೊಳ್ಳುವವರು ಒಂದು ಕಡೆ, ಬೀದಿಗಿಳಿದು ಕೇಳುವವರು ಇನ್ನೊಂದು ಕಡೆ

ಮಾಡಗ್ಯಾಳ (ತಾ. ಜತ್ತ): ಮಹಾರಾಷ್ಟ್ರದಲ್ಲಿ ಒಬ್ಬ ಆಮದಾರರಿಗೆ (ಶಾಸಕರಿಗೆ) ತಿಂಗಳಿಗೆ ಸಿಗುವ ಪಗಾರ ಮತ್ತು ಭತ್ಯೆ ಕೂಡಿಸಿದರೆ 2 ಲಕ್ಷ 61 ಸಾವಿರ ರೂ. ದಾಟುತ್ತದೆ. ಇದೇ ರಾಜ್ಯದಲ್ಲಿ ರೋಜಗಾರ ಹಮಿ ಕೆಲಸದ ಮೇಲೆ ಮಣ್ಣು ಹೊರುವ ಕೂಲಿಕಾರರಿಗೆ 2025-26ರ ಸಾಲಿಗೆ ನಿಗದಿಯಾದ ದಿನಗೂಲಿ 312 ರೂ. ಭಾಗಾಕಾರ ಮಾಡಿ ನೋಡಿದರೆ ಬರುವ ಉತ್ತರ 837 ದಿನ. ವರ್ಷಕ್ಕೆ 100 ದಿನದಂತೆ ಕೆಲಸ ಸಿಕ್ಕರೆ, ಆಮದಾರರು ಒಂದು ತಿಂಗಳಲ್ಲಿ ಪಡೆಯುವ ರೊಕ್ಕವನ್ನು ಗಳಿಸಲು ಕೂಲಿಕಾರರಿಗೆ ಎಂಟು ವರ್ಷಕ್ಕೂ ಹೆಚ್ಚು ಬೇಕು.

ಇಷ್ಟು ಅಂತರ ಯಾಕ? ಇದನ್ನ ಠರಾಯಿಸಿದವರು ಯಾರು? ಚುನಾವಣೆ ಬಂದಾಗ, ಅಧಿವೇಶನದ ಸುದ್ದಿ ಓದಿದಾಗ ಗಡಿ ಭಾಗದ ಹಳ್ಳಿಗಳ ಕಟ್ಟೆಯ ಮೇಲೆ ಈ ಮಾತು ಬರುತ್ತದೆ. ಮಾತು ಬಹುತೇಕ ಬೈಗುಳದಲ್ಲೇ ಮುಗಿಯುತ್ತದೆ, ಲೆಕ್ಕದ ತನಕ ಹೋಗುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ರೊಕ್ಕ ಎಷ್ಟು ಎಂಬುದಕ್ಕಿಂತ ಅದನ್ನು ಯಾರು ನಿಗದಿ ಮಾಡುತ್ತಾರೆ ಎಂಬುದೇ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

ಕುರಿ ಸಂತೆಯ ರೀತಿ

ಜತ್ತ ತಾಲೂಕಿನ ಪೂರ್ವ ಭಾಗದ ಮಾಡಗ್ಯಾಳ, ಸೋನ್ಯಾಳ, ಸಂಖ, ಉಮದಿ, ಗುಡ್ಡಾಪುರ ಮುಂತಾದ ಊರುಗಳು ಕನ್ನಡ ಮಾತಾಡುವ ಊರುಗಳು. ಮಳೆ ನೆಚ್ಚಿ ಬದುಕುವ ಬರದ ಸೀಮೆ. ಮಾಡಗ್ಯಾಳದ ಹೆಸರು ಹೊರಗಿನವರಿಗೆ ಗೊತ್ತಾಗಿದ್ದು ಕುರಿಯಿಂದ. ಬಾಗಿದ ಮೂಗಿನ, ಎತ್ತರ ಮೈಯ ಮಾಡಗ್ಯಾಳ ತಳಿಗೆ ಭಾರಿ ಬೇಡಿಕೆ ಇದೆ. 2020ರಲ್ಲಿ ನೆರೆಯ ಆಟಪಾಡಿ ತಾಲೂಕಿನಲ್ಲಿ ಈ ತಳಿಯ ಒಂದು ಟಗರಿಗೆ 70 ಲಕ್ಷ ರೂ. ಕೊಡುತ್ತೇನೆಂದು ಗಿರಾಕಿ ಬಂದರೂ ಮಾಲಕರು ಮಾರಲಿಲ್ಲ ಎಂಬ ಸುದ್ದಿ ದೇಶದ ತುಂಬ ಹರಡಿತ್ತು.

ಟಗರಿಗೆ ಎಷ್ಟೇ ಬೆಲೆ ಬರಲಿ, ಸಂತೆಯಲ್ಲಿ ಅದಕ್ಕೊಂದು ರೀತಿ ಇದೆ. ಮಾರುವವರು ಒಂದು ಹೇಳುತ್ತಾರೆ, ಕೊಳ್ಳುವವರು ಒಂದು ಕೇಳುತ್ತಾರೆ, ಟವೆಲ್ ಕೆಳಗೆ ಬೆರಳು ಹಿಡಿದು ಚೌಕಾಶಿ ಆಗುತ್ತದೆ. ಇಬ್ಬರೂ ಹೂಂ ಅಂದರೆ ವ್ಯವಹಾರ. ಆಮದಾರರ ಪಗಾರದ ವ್ಯವಹಾರದಲ್ಲಿ ಇಬ್ಬರಿಲ್ಲ. ಕೇಳುವವರೂ ಕೊಡುವವರೂ ಒಬ್ಬರೇ.

ಸಂವಿಧಾನದ 195ನೇ ಕಲಮಿನ ಪ್ರಕಾರ ರಾಜ್ಯದ ಶಾಸಕರ ಪಗಾರ ಮತ್ತು ಭತ್ಯೆಯನ್ನು ಆಯಾ ರಾಜ್ಯದ ವಿಧಾನ ಮಂಡಲವೇ ಕಾನೂನು ಮಾಡಿ ನಿಗದಿ ಮಾಡುತ್ತದೆ. ಖಾಸದಾರರಿಗೆ, ಅಂದರೆ ಸಂಸದರಿಗೆ, ಇದೇ ಅಧಿಕಾರವನ್ನು 106ನೇ ಕಲಮು ಸಂಸತ್ತಿಗೆ ಕೊಟ್ಟಿದೆ. ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಗೆ ಕುಂತರೂ ಚಿಂತೆಯಿಲ್ಲ ಎಂಬ ಗಾದೆ ಇದೆ. ಇಲ್ಲಿ ಬಡಿಸುವವರೂ ಅವರೇ, ಉಣ್ಣುವವರೂ ಅವರೇ.

ಲೆಕ್ಕ ಹೀಗಿದೆ

2016ರ ಆಗಸ್ಟ್ ತಿಂಗಳಲ್ಲಿ ಮಹಾರಾಷ್ಟ್ರ ವಿಧಾನ ಮಂಡಲದ ಉಭಯ ಸದನಗಳು ಆಮದಾರರ ಪಗಾರ ಏರಿಸುವ ವಿಧೇಯಕವನ್ನು ಚರ್ಚೆಯಿಲ್ಲದೆ ಅಂಗೀಕರಿಸಿದವು. ಅಲ್ಲಿಯವರೆಗೆ ಸುಮಾರು 75 ಸಾವಿರ ರೂ. ಇದ್ದ ತಿಂಗಳ ಮೊತ್ತ ಒಮ್ಮೆಲೇ ಒಂದೂವರೆ ಲಕ್ಷ ದಾಟಿತು. ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ಇದೇ ಸಾಂಗಲಿ ಜಿಲ್ಲೆಯ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಕಳಿಸಲಾಗಿತ್ತು. ರಾಜ್ಯದಲ್ಲಿ ಅಂಥ ಬರವಿದ್ದ ವರ್ಷ ಅದು.

2016ರ ಕಾನೂನಿನಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ಆಮದಾರರ ಮೂಲ ವೇತನವನ್ನು ರಾಜ್ಯ ಸರಕಾರದ ಪ್ರಧಾನ ಕಾರ್ಯದರ್ಶಿ ದರ್ಜೆಯ ಅಧಿಕಾರಿಯ ಮೂಲ ವೇತನಕ್ಕೆ ಗಂಟು ಹಾಕಲಾಯಿತು. ಇದರಿಂದ ಪ್ರತಿ ಸಲ ಹೊಸ ವಿಧೇಯಕ ತರುವ ತ್ರಾಸು ತಪ್ಪಿತು. ಏಳನೇ ವೇತನ ಆಯೋಗ ಜಾರಿಯಾದ ನಂತರ ಆ ದರ್ಜೆಯ ಮೂಲ ವೇತನ 1,82,200 ರೂ. ಆಯಿತು, ಆಮದಾರರದ್ದೂ ಅಷ್ಟೇ ಆಯಿತು. ತುಟ್ಟಿಭತ್ಯೆ ಶೇ. 28 ಇದ್ದಾಗಿನ ಲೆಕ್ಕ ಹಿಡಿದರೆ ಅದರ ಮೇಲೆ 51,016 ರೂ. ಟೆಲಿಫೋನಿಗೆ 8,000, ಕಾಗದಪತ್ರ ಮತ್ತು ಅಂಚೆಗೆ 10,000, ಸಂಗಣಕ ಚಾಲಕರಿಗೆ 10,000 ರೂ. ಎಲ್ಲ ಕೂಡಿ 2,61,216 ರೂ. ತುಟ್ಟಿಭತ್ಯೆ ಏರಿದಂತೆ ಈ ಮೊತ್ತವೂ ಏರುವಂಥದ್ದು. ಅಧಿವೇಶನಕ್ಕೆ ಹಾಜರಾದರೆ ದಿನಭತ್ಯೆ, ಪ್ರವಾಸದ ಸವಲತ್ತು ಬೇರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಆಮದಾರರಿಗೆ ವರ್ಷಕ್ಕೆ 5 ಕೋಟಿ ರೂ. ಬರುತ್ತದೆ ಎಂದು ಊರಲ್ಲಿ ಅನೇಕರು ಹೇಳುತ್ತಾರೆ. ಅದು ಪಗಾರವಲ್ಲ, ಸ್ಥಾನಿಕ ವಿಕಾಸ ನಿಧಿ. ರಸ್ತೆ, ಸಮಾಜ ಮಂದಿರ, ಶಾಲಾ ಕೋಣೆಗಳಂಥ ಕೆಲಸಕ್ಕೆ ಆಮದಾರರು ಶಿಫಾರಸು ಮಾಡುತ್ತಾರೆ, ರೊಕ್ಕ ಜಿಲ್ಲಾಡಳಿತದ ಮೂಲಕ ಖರ್ಚಾಗುತ್ತದೆ. ಎರಡನ್ನೂ ಕೂಡಿಸಿ ಬೈಯುವುದು ನ್ಯಾಯವಲ್ಲ.

ಎರಡು ರೂಪಾಯಿ ಏರಿದ ವರ್ಷ

ಕೂಲಿಯ ಕಡೆಗೆ ಬಂದರೆ ಲೆಕ್ಕ ಬೇರೆ. ಉದ್ಯೋಗ ಖಾತ್ರಿಯ ದಿನಗೂಲಿಯನ್ನು ಕೇಂದ್ರ ಸರಕಾರ ಪ್ರತಿ ವರ್ಷ ರಾಜ್ಯವಾರು ನಿಗದಿ ಮಾಡುತ್ತ ಬಂದಿದೆ. ಮಹಾರಾಷ್ಟ್ರದಲ್ಲಿ 2017-18ರಲ್ಲಿ 201 ರೂ. ಇದ್ದದ್ದು 2018-19ರಲ್ಲಿ 203 ರೂ. ಆಯಿತು. ಇಡೀ ವರ್ಷಕ್ಕೆ ಏರಿದ್ದು ಎರಡು ರೂಪಾಯಿ. ಆಗಿನ ಕಾಲಕ್ಕೂ ಎರಡು ರೂಪಾಯಿಗೆ ಹಳ್ಳಿಯ ಹೋಟೆಲಿನಲ್ಲಿ ಅರ್ಧ ಕಪ್ ಚಹಾ ಬರುತ್ತಿರಲಿಲ್ಲ. 2018ರ ಏಪ್ರಿಲ್ 1ರಿಂದಲೇ ಖಾಸದಾರರ ಪಗಾರ 50 ಸಾವಿರದಿಂದ 1 ಲಕ್ಷ ರೂ.ಗೆ ಏರಿತು. ಎರಡಕ್ಕೂ ತಾರೀಖು ಒಂದೇ, ಏಪ್ರಿಲ್ ಒಂದು.

ಗಡಿ ಭಾಗದವರಿಗೆ ಇನ್ನೊಂದು ವಿಚಿತ್ರ ಕಾಣುತ್ತದೆ. 2025-26ರ ಸಾಲಿಗೆ ಮಹಾರಾಷ್ಟ್ರದ ದರ 312 ರೂ. ಇದ್ದರೆ ಕರ್ನಾಟಕದ್ದು 370 ರೂ. ಗಡಿ ದಾಟಿ ವಿಜಯಪುರ ಜಿಲ್ಲೆಯ ಊರಿಗೆ ಹೋದರೆ ಅದೇ ಮಣ್ಣು, ಅದೇ ಬುಟ್ಟಿ, ಅದೇ ಬಿಸಿಲು. ಕೂಲಿ ಮಾತ್ರ 58 ರೂ. ಹೆಚ್ಚು. ಬೀಗರು ಆ ಕಡೆ ಈ ಕಡೆ ಇರುವ ಮನೆಗಳಲ್ಲಿ ಈ ಲೆಕ್ಕ ಎಲ್ಲರಿಗೂ ಬಾಯಿಪಾಠ.

ಕೂಲಿ ತಡವಾದರೆ ಪರಿಹಾರ ಕೊಡಬೇಕೆಂದು 2005ರ ಉದ್ಯೋಗ ಖಾತ್ರಿ ಕಾಯ್ದೆ ಹೇಳಿತ್ತು. ಅದರ ದರ ದಿನಕ್ಕೆ ಶೇ. 0.05. ಆರು ದಿನದ ಕೂಲಿ 1,872 ರೂ. ಬಾಕಿ ಉಳಿದರೆ ದಿನಕ್ಕೆ ಸಿಗುವ ಪರಿಹಾರ 94 ಪೈಸೆ. ಒಂದು ರೂಪಾಯಿಯೂ ಪೂರಾ ಅಲ್ಲ. 2025ರ ಡಿಸೆಂಬರ್ ತಿಂಗಳಲ್ಲಿ ಸಂಸತ್ತು ಈ ಕಾಯ್ದೆಯ ಜಾಗದಲ್ಲಿ ಹೊಸ ಕಾಯ್ದೆ ಅಂಗೀಕರಿಸಿ, 100 ದಿನದ ಖಾತ್ರಿಯನ್ನು 125 ದಿನಕ್ಕೆ ಏರಿಸಿತು. 125 ದಿನ ಪೂರ್ತಿ ಕೆಲಸ ಸಿಕ್ಕರೂ 312ರ ದರದಲ್ಲಿ ವರ್ಷದ ಗಳಿಕೆ 39,000 ರೂ. ಆಮದಾರರ ಐದು ದಿನದ ಮೊತ್ತ ಇದಕ್ಕಿಂತ ಹೆಚ್ಚಾಗುತ್ತದೆ.

ಕೊಯ್ತಾ ಹಿಡಿದು ಹೊರಟವರು

ಊರಲ್ಲಿ ಕೆಲಸ ಸಾಲದಾದಾಗ ಜತ್ತ ಭಾಗದ ಕುಟುಂಬಗಳು ಕಬ್ಬು ಕಡಿಯಲು ಕೃಷ್ಣಾ ದಂಡೆಯ ಕಾರಖಾನೆಗಳ ಕಡೆ ಹೋಗುತ್ತವೆ. ದೀಪಾವಳಿ ಹೊತ್ತಿಗೆ ಟೋಳಿ ಕಟ್ಟಿಕೊಂಡು, ಮುಕಾದಮರ ಹತ್ತಿರ ಉಚಲ ಅಂದರೆ ಮುಂಗಡ ತಗೊಂಡು, ಹುಡುಗರು ಮಕ್ಕಳು ಸಹಿತ ಗಾಡಿ ಏರಿದರೆ ತಿರುಗಿ ಊರು ಕಾಣುವುದು ಹಂಗಾಮು ಮುಗಿದ ಮೇಲೆ. ನಡುವೆ ಮಕ್ಕಳ ಶಾಲೆ ತಪ್ಪುತ್ತದೆ.

ಗಂಡ ಹೆಂಡತಿ ಕೂಡಿದ ಜೋಡಿಗೆ ಒಂದು ಕೊಯ್ತಾ ಎನ್ನುತ್ತಾರೆ. ಒಂದು ಕೊಯ್ತಾ ದಿನಕ್ಕೆ ಸುಮಾರು ಎರಡು ಟನ್ ಕಬ್ಬು ಕಡಿಯುತ್ತದೆ. ಮಹಾರಾಷ್ಟ್ರದ ಕಬ್ಬು ಕಡಿಯುವವರು ದರ ಏರಿಸಲು ಹೋರಾಟಕ್ಕೆ ನಿಂತ ಮೇಲೆ, 2024ರ ಜನವರಿಯಲ್ಲಿ ಶರದ ಪವಾರ ಮತ್ತು ಪಂಕಜಾ ಮುಂಡೆ ಅವರ ಮಧ್ಯಸ್ಥಿಕೆಯಲ್ಲಿ ಶೇ. 34 ಏರಿಕೆಗೆ ಒಪ್ಪಂದವಾಯಿತು. ಟನ್ನಿಗೆ ಸುಮಾರು 273 ರೂ. ಇದ್ದದ್ದು 366 ರೂ. ಆಯಿತು. ಒಪ್ಪಂದದ ಅವಧಿ ಮೂರು ವರ್ಷ.

ಎರಡು ಟನ್ನಿಗೆ 732 ರೂ. ಅದು ಇಬ್ಬರ ದುಡಿಮೆ. ತಲೆಗೆ 366 ರೂ. ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗಿ, ಕಡಿದು, ಮೋಳಿ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿ ಹೇರಿದ್ದಕ್ಕೆ ಇಷ್ಟು. ಆಮದಾರರ ಒಂದು ತಿಂಗಳ ಮೊತ್ತಕ್ಕೆ ಈ ದರದಲ್ಲಿ 714 ಟನ್ ಕಬ್ಬು ಕಡಿಯಬೇಕು. ಒಂದು ಜೋಡಿಗೆ ಒಂದು ದಿನವೂ ಬಿಡದೆ 357 ದಿನ. ಹಂಗಾಮು ಇರುವುದು ಹೆಚ್ಚೆಂದರೆ ಐದು ತಿಂಗಳು.

ಸಂಪಿಗೆ ಕುಂತರೆ ಮಾತ್ರ ಏರಿಕೆ

ಊರಿನ ಆರೋಗ್ಯ, ಸಣ್ಣ ಮಕ್ಕಳ ಊಟ, ಬಾಣಂತಿಯರ ಆರೈಕೆ ನೋಡುವವರ ಪರಿಸ್ಥಿತಿ ಏನು? ಇವರಿಗೆ ಪಗಾರ ಎನ್ನುವುದಿಲ್ಲ, ಮಾನಧನ ಎನ್ನುತ್ತಾರೆ.

ಆಶಾ ಕಾರ್ಯಕರ್ತೆಯರು 2023ರ ಅಕ್ಟೋಬರ್ ತಿಂಗಳಲ್ಲಿ ಸಂಪು ಹೂಡಿದರು. ಆಶ್ವಾಸನೆ ಸಿಕ್ಕಿತು, ಆದೇಶ ಬರಲಿಲ್ಲ. 2024ರ ಜನವರಿಯಲ್ಲಿ ಮತ್ತೆ ಸಂಪು. ಮನೆ ಮಠ ಬಿಟ್ಟು ಮುಂಬೈಯ ಆಝಾದ ಮೈದಾನದಲ್ಲಿ ಕುಂತ ಮೇಲೆ, ಆ ವರ್ಷದ ಮಾರ್ಚ್ ತಿಂಗಳಲ್ಲಿ 5,000 ರೂ. ಏರಿಕೆಗೆ ಸಂಪುಟದ ಒಪ್ಪಿಗೆ ಸಿಕ್ಕಿತು. ರಾಜ್ಯದ 10,000 ಮತ್ತು ಕೇಂದ್ರದ 3,000 ಸೇರಿ ಆಗ ಸುಮಾರು 13,000 ರೂ. ಆಯಿತು.

ಅಂಗನವಾಡಿ ಸೇವಿಕೆಯರು 2023ರ ಡಿಸೆಂಬರ್ 4ರಿಂದ 2024ರ ಜನವರಿ 25ರವರೆಗೆ ಸಂಪು ನಡೆಸಿದರು. ಮಾನಧನ ಏರಿದ್ದು ಆ ವರ್ಷ ಅಕ್ಟೋಬರ್ ತಿಂಗಳಲ್ಲಿ, ವಿಧಾನಸಭೆ ಚುನಾವಣೆ ಬಾಗಿಲಿಗೆ ಬಂದಾಗ. ಪ್ರೋತ್ಸಾಹ ಧನ ಸೇರಿ 15,000 ರೂ. ಆಯಿತು. ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವ ಹೆಣ್ಣುಮಕ್ಕಳಿಗೆ ಮಹಾರಾಷ್ಟ್ರದಲ್ಲಿ ತಿಂಗಳಿಗೆ 2,500 ರೂ. ಅದೂ ವರ್ಷದಲ್ಲಿ ಹತ್ತು ತಿಂಗಳಿಗೆ ಮಾತ್ರ.

ಆಮದಾರರು ತಮ್ಮ ಪಗಾರಕ್ಕಾಗಿ ಎಂದಾದರೂ ಮೈದಾನದಲ್ಲಿ ಕುಂತದ್ದುಂಟೇ? ತಹಸೀಲ ಕಚೇರಿಗೆ ಮೋರ್ಚಾ ಒಯ್ದು ನಿವೇದನ ಕೊಟ್ಟದ್ದುಂಟೇ? ಆ ಪ್ರಸಂಗವೇ ಬಂದಿಲ್ಲ.

ಗಡಿಯ ಆಚೆಗೂ ಇದೇ ಕತೆ

ಕರ್ನಾಟಕದಲ್ಲಾದರೂ ಬೇರೆ ಇದೆಯೇ ಎಂದರೆ ಇಲ್ಲ. 2025ರ ಮಾರ್ಚ್ 7ರಂದು ಮಂಡಿಸಿದ ಬಜೆಟ್ಟಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರ ಗೌರವಧನ 1,000 ರೂ., ಸಹಾಯಕಿಯರದ್ದು 750 ರೂ., ಬಿಸಿಯೂಟದ ಅಡುಗೆಯವರದ್ದು 1,000 ರೂ. ಏರಿಸುವುದಾಗಿ ಘೋಷಣೆಯಾಯಿತು. ಎರಡು ವಾರದ ನಂತರ, ಮಾರ್ಚ್ 21ರಂದು, ಅದೇ ಅಧಿವೇಶನದಲ್ಲಿ ಶಾಸಕರ ಪಗಾರ 40 ಸಾವಿರದಿಂದ 80 ಸಾವಿರಕ್ಕೆ, ಮಂತ್ರಿಗಳದ್ದು 60 ಸಾವಿರದಿಂದ 1.25 ಲಕ್ಷಕ್ಕೆ, ಮುಖ್ಯಮಂತ್ರಿಯವರದ್ದು 75 ಸಾವಿರದಿಂದ 1.5 ಲಕ್ಷಕ್ಕೆ ಏರಿಸುವ ವಿಧೇಯಕಗಳು ಅಂಗೀಕಾರವಾದವು. ಬೇರೆ ವಿಷಯಕ್ಕೆ ಸದನದಲ್ಲಿ ಗದ್ದಲ ಎದ್ದಿತ್ತು, ವಿರೋಧ ಪಕ್ಷದ 18 ಶಾಸಕರು ಅಂದೇ ಅಮಾನತಾದರು. ಆ ಗದ್ದಲದ ನಡುವೆಯೇ ಪಗಾರದ ವಿಧೇಯಕ ಚರ್ಚೆಯಿಲ್ಲದೆ ದಾಟಿತು. ಮಾಜಿ ಶಾಸಕರ ಪೆನ್ಶನ್ 50 ಸಾವಿರದಿಂದ 75 ಸಾವಿರಕ್ಕೆ ಏರಿತು.

80 ಸಾವಿರ ಎಂದ ಕೂಡಲೇ ಕರ್ನಾಟಕದವರದ್ದು ಕಡಿಮೆ ಎಂದು ತಿಳಿಯಬಾರದು. ಅಲ್ಲಿ ಮೂಲ ಪಗಾರ ಸಣ್ಣದು, ಕ್ಷೇತ್ರ ಭತ್ಯೆ ಮತ್ತಿತರ ಭತ್ಯೆಗಳು ಅದರ ಮೇಲೆ. 2025ರ ಮಾರ್ಚ್ 24ರಂದು ಕೇಂದ್ರವೂ ಖಾಸದಾರರ ಪಗಾರವನ್ನು 1.24 ಲಕ್ಷಕ್ಕೆ ಏರಿಸಿ ಆದೇಶ ಹೊರಡಿಸಿತು. ಅದನ್ನು 2023ರ ಏಪ್ರಿಲ್ 1ರಿಂದಲೇ ಲಾಗೂ ಮಾಡಿತು. ಎರಡು ವರ್ಷದ ಹಿಂಬಾಕಿ ಸಹಿತ ಎಂದರ್ಥ.

ಯಾರಿಗೆ ಎಷ್ಟು? (ಮಹಾರಾಷ್ಟ್ರ)

ಆಮದಾರರು: ತಿಂಗಳಿಗೆ 2,61,216 ರೂ. (ಶೇ. 28 ತುಟ್ಟಿಭತ್ಯೆಯ ಲೆಕ್ಕ)
ಅಂಗನವಾಡಿ ಸೇವಿಕೆ: 15,000 ರೂ. ಆಮದಾರರ ಒಂದು ತಿಂಗಳಿಗೆ ಇವರ 17 ತಿಂಗಳು ಸಮ
ಆಶಾ ಕಾರ್ಯಕರ್ತೆ: ಸುಮಾರು 13,000 ರೂ. (2024ರ ಏರಿಕೆಯ ಲೆಕ್ಕ) 20 ತಿಂಗಳು
ಸರಪಂಚರು (2,001ರಿಂದ 8,000 ಜನಸಂಖ್ಯೆಯ ಊರು): 8,000 ರೂ. 32 ತಿಂಗಳಿಗೂ ಹೆಚ್ಚು
ಶಾಲೆಯ ಅಡುಗೆಯವರು: 2,500 ರೂ. 104 ತಿಂಗಳು
ಉದ್ಯೋಗ ಖಾತ್ರಿ ಕೂಲಿ: ದಿನಕ್ಕೆ 312 ರೂ. (2025-26) 837 ದಿನ
ಕಬ್ಬು ಕಡಿಯುವವರು: ಟನ್ನಿಗೆ 366 ರೂ. 714 ಟನ್
ನಿರಾಧಾರ ಮಾಸಾಶನ: 1,500 ರೂ. 174 ತಿಂಗಳು, ಅಂದರೆ ಹದಿನಾಲ್ಕೂವರೆ ವರ್ಷ

ಸರಪಂಚರೂ ಆರಿಸಿ ಬಂದವರೇ

ಮತ ಕೇಳಿ ಆರಿಸಿ ಬಂದವರೆಲ್ಲ ಲಕ್ಷಾಧೀಶರು ಎಂಬುದೂ ಸುಳ್ಳು. 2024ರ ಸೆಪ್ಟೆಂಬರ್ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರ ಸರಪಂಚರ ಮಾನಧನ ದುಪ್ಪಟ್ಟು ಮಾಡಿತು. ಹಾಗೆ ಮಾಡಿದ ಮೇಲೂ 2,000 ಜನಸಂಖ್ಯೆಯವರೆಗಿನ ಊರಿಗೆ 6,000, 8,000ದವರೆಗಿನ ಊರಿಗೆ 8,000, ಅದಕ್ಕಿಂತ ದೊಡ್ಡ ಊರಿಗೆ 10,000 ರೂ. ಉಪಸರಪಂಚರಿಗೆ 2,000ದಿಂದ 4,000 ರೂ.

ನೀರು ಬರಲಿಲ್ಲ, ದೀಪ ಹತ್ತಲಿಲ್ಲ, ಗಟಾರ ತುಂಬೇತಿ ಎಂದು ಮುಂಜಾನೆ ಐದಕ್ಕೆ ಬಾಗಿಲು ಬಡಿಯುವುದು ಸರಪಂಚರ ಮನೆಯದ್ದು. ಆದರೆ ತಮ್ಮ ಮಾನಧನವನ್ನು ತಾವೇ ಏರಿಸಿಕೊಳ್ಳುವ ಅಧಿಕಾರ ಗ್ರಾಮ ಪಂಚಾಯತಿಗೆ ಇಲ್ಲ. ಅದನ್ನು ನಿಗದಿ ಮಾಡುವುದು ಮುಂಬೈ. ಆರಿಸಿ ಬಂದವರಲ್ಲೂ ಸ್ವಂತ ಪಗಾರ ಬರೆದುಕೊಳ್ಳುವ ಲೇಖಣಿ ಇರುವುದು ಮೇಲಿನವರ ಕೈಯಲ್ಲಿ ಮಾತ್ರ.

ಪೆನ್ಶನ್ ಎಂಬ ಇನ್ನೊಂದು ಗಂಟು

ಮಹಾರಾಷ್ಟ್ರದಲ್ಲಿ ಒಂದು ಅವಧಿಗೆ ಆಮದಾರರಾದವರಿಗೂ 2016ರ ಏರಿಕೆಯ ಪ್ರಕಾರ ತಿಂಗಳಿಗೆ 50,000 ರೂ. ಪೆನ್ಶನ್ ಇದೆ. ಐದು ವರ್ಷದ ಮೇಲೆ ಎಷ್ಟು ವರ್ಷ ಸದನದಲ್ಲಿ ಇದ್ದರೋ ಪ್ರತಿ ವರ್ಷಕ್ಕೆ ಇನ್ನೂ 2,000 ರೂ.

2005ರ ನವೆಂಬರ್ 1ರ ನಂತರ ನೌಕರಿಗೆ ಸೇರಿದ ಶಿಕ್ಷಕರು, ತಲಾಠಿ, ಗ್ರಾಮಸೇವಕರಿಗೆ ಹಳೆಯ ಪೆನ್ಶನ್ ತಪ್ಪಿತು. 2023ರ ಮಾರ್ಚ್ 14ರಿಂದ ರಾಜ್ಯದ ನೌಕರರು ಒಂದು ವಾರ ಸಂಪು ನಡೆಸಿದ್ದು ಹಳೆಯ ಪೆನ್ಶನ್ ಬೇಕೆಂದು. ಐದು ವರ್ಷ ಸೇವೆ ಮಾಡಿದವರಿಗೆ ಜೀವಮಾನದ ಪೆನ್ಶನ್, ಮೂವತ್ತು ವರ್ಷ ಪಾಟಿ ಹಿಡಿದು ಕಲಿಸಿದವರಿಗೆ ಇಲ್ಲ ಎಂಬುದು ಆಗ ಎಲ್ಲ ಕಡೆ ಕೇಳಿಬಂದ ಮಾತು.

ದುಡಿಯಲಾಗದ ಮುದುಕರ ಸ್ಥಿತಿ ಇನ್ನೂ ಕಷ್ಟ. ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡುವ ಪಾಲು 80 ವರ್ಷದೊಳಗಿನವರಿಗೆ 200 ರೂ. 2007ರಲ್ಲಿ ನಿಗದಿಯಾದ ಈ ಮೊತ್ತ ಮುಂದೆ ಏರಲಿಲ್ಲ. ರಾಜ್ಯದ ಪಾಲು ಸೇರಿಸಿ ಮಹಾರಾಷ್ಟ್ರದಲ್ಲಿ 2023ರಿಂದ 1,500 ರೂ. ಮಾಜಿ ಖಾಸದಾರರ ಪೆನ್ಶನ್ 2025ರಲ್ಲಿ 25 ಸಾವಿರದಿಂದ 31 ಸಾವಿರಕ್ಕೆ ಏರಿತು.

ಪಗಾರವೇ ಬ್ಯಾಡ ಎನ್ನುವುದೂ ಸರಿಯಲ್ಲ

ಜನಪ್ರತಿನಿಧಿಗೆ ಪಗಾರ ಯಾಕೆ, ಸೇವೆ ಮಾಡಲಿ ಎನ್ನುವವರೂ ಇದ್ದಾರೆ. ಈ ಮಾತು ಕೇಳಲು ಚಂದ, ಆದರೆ ಇದರಿಂದ ಕೆಡುವುದು ಬಡವರೇ. ಇಂಗ್ಲೆಂಡಿನಲ್ಲಿ 1838ರಲ್ಲಿ ಚಾರ್ಟಿಸ್ಟ್ ಚಳವಳಿಯ ಕಾರ್ಮಿಕರು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಸಂಸದರಿಗೆ ಪಗಾರ ಕೊಡಬೇಕು ಎಂಬುದೂ ಒಂದು. ಪಗಾರ ಇಲ್ಲದಿದ್ದರೆ ಜಮೀನುದಾರರು, ಸಾಹುಕಾರರು ಮಾತ್ರ ಸಂಸತ್ತಿಗೆ ಹೋಗುತ್ತಾರೆ ಎಂಬುದು ಅವರ ವಾದ. ಅದು ಈಡೇರಿದ್ದು 1911ರಲ್ಲಿ. ನಮ್ಮಲ್ಲಿ 1954ರ ಕಾಯ್ದೆಯಂತೆ ಖಾಸದಾರರಿಗೆ ತಿಂಗಳಿಗೆ 400 ರೂ. ಮತ್ತು ಅಧಿವೇಶನದ ದಿನಕ್ಕೆ 21 ರೂ. ಭತ್ಯೆ ಇತ್ತು. ಪೆನ್ಶನ್ ಬಂದದ್ದು 1976ರಲ್ಲಿ.

ಜತ್ತದಂಥ ತಾಲೂಕಿನಲ್ಲಿ ನೂರಕ್ಕೂ ಹೆಚ್ಚು ಹಳ್ಳಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರಲು ಒಂದು ದಿನ ಸಾಲದು. ಗಾಡಿ, ಡೀಸೆಲ್, ಬಂದವರಿಗೆ ಚಹಾ, ದವಾಖಾನೆಗೆ ಫೋನು, ಲಗ್ನ ಮುಂಜಿಗೆ ಹಾಜರಿ. ಖರ್ಚು ಇದ್ದೇ ಇದೆ. ಪಾಲಘರ ಜಿಲ್ಲೆಯ ಡಹಾಣೂ ಕ್ಷೇತ್ರದಿಂದ 2019ರಲ್ಲಿ ಗೆದ್ದ ವಿನೋದ ನಿಕೋಲೆ ಆಗ ಘೋಷಿಸಿದ ಆಸ್ತಿ ಸುಮಾರು 51 ಸಾವಿರ ರೂ. ಅಂಥವರು ಪಗಾರ ಇಲ್ಲದೆ ಮುಂಬೈಯಲ್ಲಿ ಹೇಗೆ ಇರಬೇಕು? ನಮ್ಮ ನೆರೆಯ ಸಾಂಗೋಲೆಯ ಗಣಪತರಾವ್ ದೇಶಮುಖ ಹನ್ನೊಂದು ಸಲ ಆರಿಸಿ ಬಂದರೂ ಸಾದಾ ಜೀವನ ಬಿಡದೆ 2021ರಲ್ಲಿ ತೀರಿಕೊಂಡರು. ಅಂಥವರಿಗೆ ಪಗಾರ ಸಿಕ್ಕಿದ್ದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಆದರೆ ಇಂಥವರು ಕೆಲವೇ ಜನ. ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಸಂಸ್ಥೆ ಅಭ್ಯರ್ಥಿಗಳ ಪ್ರಮಾಣಪತ್ರ ನೋಡಿ ಹಾಕಿದ ಲೆಕ್ಕದಂತೆ, 2023ರಲ್ಲಿ ಕರ್ನಾಟಕದಲ್ಲಿ ಮತ್ತು 2024ರಲ್ಲಿ ಮಹಾರಾಷ್ಟ್ರದಲ್ಲಿ ಆರಿಸಿ ಬಂದ ಶಾಸಕರಲ್ಲಿ ಶೇ. 97ರಷ್ಟು ಮಂದಿ ಕೋಟ್ಯಧೀಶರು. ಬಡವರೂ ಸದನಕ್ಕೆ ಬರಲೆಂದು ಇಟ್ಟ ಪಗಾರವನ್ನು ಈಗ ಹೆಚ್ಚಾಗಿ ತೆಗೆದುಕೊಳ್ಳುವವರು ಅದರ ಗರಜಿಲ್ಲದವರು.

ಹಮಿ ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ

ಶಾಸಕರು ಮನಸ್ಸು ಮಾಡಿದರೆ ಕೂಲಿಕಾರರಿಗೆ ಏನು ಮಾಡಬಹುದು ಎಂಬುದಕ್ಕೂ ಸಾಂಗಲಿ ಜಿಲ್ಲೆಯೇ ಸಾಕ್ಷಿ. ಕೆಲಸ ಕೇಳಿದವರಿಗೆ ಕೆಲಸ ಕೊಡಲೇಬೇಕು ಎಂಬ ವಿಚಾರವನ್ನು ಮೊದಲು ಮಾಡಿ ನೋಡಿದ್ದು ತಾಸಗಾಂವ ತಾಲೂಕಿನ ವಿಸಾಪುರದಲ್ಲಿ, 1965ರಲ್ಲಿ. ಅದರ ಹಿಂದೆ ಇದ್ದವರು ವಿ. ಸ. ಪಾಗೆ. ಆಗ ಅವರು ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿ. 1972ರ ಬರದಲ್ಲಿ ಆ ಯೋಜನೆ ಇಡೀ ರಾಜ್ಯಕ್ಕೆ ಬಂತು. ಖಡಿ ಒಡೆದು, ಕೆರೆ ಕಟ್ಟಿ, ಸುಕಡಿ ತಿಂದು ಜೀವ ಉಳಿಸಿಕೊಂಡ ಬಹತ್ತರ ಸಾಲಿನ ಬರದ ಮಾತನ್ನು ಈ ಭಾಗದ ಹಿರಿಯರು ಮರೆತಿಲ್ಲ. 1977ರಲ್ಲಿ ಇದು ಕಾಯ್ದೆಯಾಗಿ 1979ರ ಜನವರಿ 26ರಿಂದ ಜಾರಿಗೆ ಬಂತು. ಇದಕ್ಕೆ ರೊಕ್ಕ ಹೊಂದಿಸಲೆಂದೇ 1975ರಲ್ಲಿ ನೌಕರದಾರರ ಮತ್ತು ವ್ಯಾಪಾರಸ್ಥರ ಮೇಲೆ ವೃತ್ತಿ ತೆರಿಗೆ ಹಾಕಲಾಯಿತು. ಮುಂದೆ ದೇಶಕ್ಕೆಲ್ಲ ಬಂದ 2005ರ ಕಾಯ್ದೆಯ ಬೇರು ಇಲ್ಲಿದೆ.

ಅಂದು ಸದನ ತನ್ನ ಅಧಿಕಾರವನ್ನು ಕೂಲಿಯವರ ಸಲುವಾಗಿ ಬಳಸಿತು. ಇಂದು ಅದೇ ಕೂಲಿಯ ದರ ಎರಡು ಮೂರು ರೂಪಾಯಿ ಏರಿದ ವರ್ಷ ಸದನದಲ್ಲಿ ಗದ್ದಲ ಏಳುವುದಿಲ್ಲ.

ಬೇರೆ ಕಡೆ ಹೇಗಿದೆ?

ಇದಕ್ಕೆ ದಾರಿ ಇಲ್ಲವೇ? ಕೆಲವು ಕಡೆ ಹುಡುಕಿದ್ದಾರೆ. ಇಂಗ್ಲೆಂಡಿನಲ್ಲಿ 2009ರಲ್ಲಿ ಸಂಸದರು ಖೊಟ್ಟಿ ಖರ್ಚು ತೋರಿಸಿದ ಹಗರಣ ಹೊರಬಿದ್ದ ಮೇಲೆ ಸ್ವತಂತ್ರ ಪ್ರಾಧಿಕಾರ ರಚನೆಯಾಯಿತು. 2011ರಿಂದ ಸಂಸದರ ಪಗಾರವನ್ನು ಅದೇ ನಿಗದಿ ಮಾಡುತ್ತದೆ, ಸಂಸದರು ಮತ ಹಾಕುವ ಹಾಗಿಲ್ಲ. ಅಮೆರಿಕದಲ್ಲಿ 1992ರಲ್ಲಿ ಜಾರಿಗೆ ಬಂದ ಸಂವಿಧಾನದ 27ನೇ ತಿದ್ದುಪಡಿಯಂತೆ, ಸದಸ್ಯರು ಪಗಾರ ಏರಿಸಿಕೊಂಡರೂ ಅದು ಮುಂದಿನ ಚುನಾವಣೆ ಆದ ಮೇಲೆಯೇ ಲಾಗೂ. ಮೊದಲು ಜನರ ಮುಂದೆ ಹೋಗಿ, ಆರಿಸಿ ಬಂದರೆ ತಗೊಳ್ಳಿ ಎಂದರ್ಥ. ಅಲ್ಲಿ 2009ರಿಂದ ಸದಸ್ಯರ ಪಗಾರ 1,74,000 ಡಾಲರಿನಲ್ಲೇ ನಿಂತಿದೆ.

ನಮ್ಮ ದೇಶದಲ್ಲಿಯೂ ಪ್ರಯತ್ನ ನಡೆದಿವೆ. ಖಾಸದಾರರ ಪಗಾರವನ್ನು 2018ರಲ್ಲಿ ಹಣದುಬ್ಬರದ ಸೂಚ್ಯಂಕಕ್ಕೆ ಜೋಡಿಸಿ, ಐದು ವರ್ಷಕ್ಕೊಮ್ಮೆ ಏರುವಂತೆ ಮಾಡಲಾಯಿತು. 2022ರಲ್ಲಿ ಪಂಜಾಬ ಸರಕಾರ, ಎಷ್ಟು ಸಲ ಆರಿಸಿ ಬಂದರೂ ಒಬ್ಬ ಶಾಸಕರಿಗೆ ಒಂದೇ ಪೆನ್ಶನ್ ಎಂದು ಕಾನೂನು ಮಾಡಿತು. ಕೊರೊನಾ ಬಂದಾಗ 2020ರಲ್ಲಿ ಖಾಸದಾರರ ಪಗಾರದಲ್ಲಿ ಒಂದು ವರ್ಷ ಶೇ. 30 ಕಡಿತ ಮಾಡಿದ್ದೂ ಉಂಟು. ಕಡಿಮೆ ಮಾಡುವುದು ಅಸಾಧ್ಯವೇನಲ್ಲ.

ಮಾಲಕರು ಯಾರು?

ಆದಾಯ ತೆರಿಗೆ ಲೆಕ್ಕದಲ್ಲಿ ಒಂದು ಸ್ವಾರಸ್ಯ ಇದೆ. ಶಿಕ್ಷಕರ, ಬ್ಯಾಂಕಿನವರ ಪಗಾರ ವೇತನದ ಬಾಬಿಗೆ ಬರುತ್ತದೆ. ಆಮದಾರ, ಖಾಸದಾರರು ಪಡೆಯುವುದು ಇತರ ಮೂಲದ ಆದಾಯ ಎಂಬ ಬಾಬಿಗೆ. ಕಾರಣ, ಅವರು ಯಾರ ನೌಕರರೂ ಅಲ್ಲ, ಅವರಿಗೆ ಮಾಲಕರಿಲ್ಲ. ಕಾನೂನಿನ ಲೆಕ್ಕ ಸರಿ ಇರಬಹುದು. ಆದರೆ ಮತ ಹಾಕುವವರು ತಾವೇ ಮಾಲಕರು ಎಂದು ತಿಳಿದುಕೊಂಡಿದ್ದಾರೆ. ಮಾಲಕರಿಗೆ ತಾವು ಕೊಡುವ ಪಗಾರ ಎಷ್ಟೆಂಬುದೇ ಗೊತ್ತಿಲ್ಲದಿದ್ದರೆ ಹೇಗೆ?

ಗಡಿ ಭಾಗದಲ್ಲಿ ಈ ತೊಂದರೆ ಇಮ್ಮಡಿ. ಮಹಾರಾಷ್ಟ್ರ ಸರಕಾರದ ನಿರ್ಣಯಗಳೆಲ್ಲ ಮರಾಠಿಯಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಅಡುಗೆಯವರು, ಕೂಲಿಕಾರರು ತಮ್ಮ ದರ ಎಷ್ಟು ಏರಿತು, ಯಾವ ತಿಂಗಳಿಂದ ಬರಬೇಕು ಎಂಬುದನ್ನು ಬೇರೆಯವರ ಬಾಯಿಂದ ಕೇಳಿ ತಿಳಿಯಬೇಕು. ಹೇಳುವವರು ತಪ್ಪು ಹೇಳಿದರೆ ಅದೇ ಖರೆ. 2022ರ ಕೊನೆಗೆ ಜತ್ತ ತಾಲೂಕಿನ ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಮುಖ್ಯಮಂತ್ರಿಗಳ ಬಾಯಲ್ಲಿ ಬಂತು, ನೀರಿನ ಪ್ರಶ್ನೆ ಮುಂಬೈ, ಬೆಂಗಳೂರು ಮುಟ್ಟಿತು. ಹಳ್ಳಿಯವರು ಒಟ್ಟಾಗಿ ಕೇಳಿದ್ದಕ್ಕೆ ಅಷ್ಟಾದರೂ ಆಯಿತು. ಕೂಲಿಯ ಪ್ರಶ್ನೆಯನ್ನು ಹಾಗೆ ಒಟ್ಟಾಗಿ ಕೇಳಿದ್ದು ಇನ್ನೂ ಇಲ್ಲ.

ಆಗಬೇಕಾದ್ದು ಬಹಳ ದೊಡ್ಡದೇನಲ್ಲ. ಆಮದಾರರ ಪಗಾರ ಏರಿಸುವ ವಿಧೇಯಕ ಬಂದರೆ ಅದರ ಮೇಲೆ ಚರ್ಚೆ ಆಗಬೇಕು, ಯಾರು ಹೂಂ ಅಂದರು, ಯಾರು ಉಹೂಂ ಅಂದರು ಎಂಬುದು ದಾಖಲಾಗಬೇಕು. ಏರಿಕೆ ಮುಂದಿನ ಚುನಾವಣೆಯ ನಂತರ ಜಾರಿಗೆ ಬರಬೇಕು. ಆಮದಾರರ ಪಗಾರ ತುಟ್ಟಿಭತ್ಯೆಯ ಜೋಡಿ ತಾನಾಗಿ ಏರುವುದಾದರೆ ಅಂಗನವಾಡಿ, ಆಶಾ, ಅಡುಗೆಯವರ ಮಾನಧನವೂ ಅದೇ ರೀತಿ ಏರಬೇಕು. ದರ ಬದಲಾದ ಕೂಡಲೇ ಗಡಿ ಹಳ್ಳಿಗಳ ಗ್ರಾಮ ಪಂಚಾಯತಿಯ ಫಲಕದ ಮೇಲೆ ಮರಾಠಿ ಜೊತೆ ಕನ್ನಡದಲ್ಲಿಯೂ ಬರೆಯಬೇಕು. ಈ ಕೊನೆಯದಕ್ಕೆ ವಿಧಾನ ಮಂಡಲದ ತನಕ ಹೋಗುವ ಗರಜಿಲ್ಲ. ಒಂದು ಡಬ್ಬಿ ಬಣ್ಣ, ಒಂದು ಕುಂಚ ಸಾಕು. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಿದರೆ ಅಷ್ಟಾದರೂ ಆದೀತು.